ಪ್ರಕೃತಿಶ್ರೇಣಿಯಲ್ಲಿ ಮನುಷ್ಯನ ಸ್ಥಾನ: ಯವನದರ್ಶನದ ಒಂದು ವಿಚಾರ

ಉತ್ತರ ಕನ್ನಡ ಜಿಲ್ಲೆಯ ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಸೀಮೆಗಳು ಅರಣ್ಯಪ್ರಧಾನವಾದವು. 1955ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆಯು ದಾಂಡೇಲಿಯಲ್ಲಿ ಬಿದಿರಿನಿಂದ ಕಾಗದವನ್ನು ಮಾಡತೊಡಗಿತು. 1956ರಲ್ಲಿ ಅಲ್ಲಿಯೇ ವನ್ಯಮೃಗಗಳಿಗೆಂದು ಅಭಯಾರಣ್ಯವು ಘೋಷಿತವಾಯಿತು. ಅದು 2007ರಲ್ಲಿ ಅಣಶಿಯೊಡನೆ ಕೂಡಿ ಹುಲಿಗಳ ಸಂರಕ್ಷಿತಾರಣ್ಯವೆನಿಸಿ, 2015ರಲ್ಲಿ ಕಾಳೀನದಿಯ ಹೆಸರನ್ನು ಪಡೆಯಿತು. ಕುಣಬಿ, ಸಿದ್ದಿ, ಗೌಳಿ ಜನರಾದರೋ ಇವೆಲ್ಲಕ್ಕೂ ಮುಂಚಿನಿಂದ ಅಲ್ಲಿರುವವರು. ಅರಣ್ಯವು ಮನುಷ್ಯನಿಗಾಗಿ ಇರುವುದೋ, ಮನುಷ್ಯನು ಅರಣ್ಯದ ಜೀವಿಗಳಲ್ಲಿ ಒಬ್ಬನೋ ಎಂಬ ಪ್ರಶ್ನೆಯು ಅಲ್ಲಿ ಕೇವಲ ಶಾಸ್ತ್ರಚರ್ಚೆಯಲ್ಲ. ಮೊದಲನೆಯ ಪಕ್ಷಕ್ಕೆ ಪ್ರಾಚೀನ ಯವನರೇ ಮೂಲಪುರುಷರೆಂದು ಹೇಳುವ ವಾಡಿಕೆಯುಂಟು. ಅದೆಷ್ಟು ಸಾಧುವೆಂಬುದು ವಿಚಾರಾರ್ಹವಾಗಿದೆ.

ಅರಿಸ್ಟಾಟಲನು (ಕ್ರಿ. ಪೂ. 384–322) ಆತ್ಮವಿಷಯಕ ಗ್ರಂಥದಲ್ಲಿ ಜೀವಶಕ್ತಿಯನ್ನು ಮೂರಾಗಿ ವಿಂಗಡಿಸಿದನು. ಸಸ್ಯಗಳಿಗೆ ಪೋಷಣ-ಪ್ರಜನನ ಶಕ್ತಿ. ಪ್ರಾಣಿಗಳಿಗೆ ಅದರೊಡನೆ ಸಂವೇದನೆ. ಮನುಷ್ಯನಿಗೆ ಇವೆರಡರೊಡನೆ ವಿವೇಕ. ಐತರೇಯಾರಣ್ಯಕವೂ ಓಷಧಿ-ವನಸ್ಪತಿಗಳಲ್ಲಿ ರಸವನ್ನು, ಪ್ರಾಣಿಗಳಲ್ಲಿ ಚಿತ್ತವನ್ನು, ಮನುಷ್ಯನಲ್ಲಿ ನಾಳಿನದನ್ನು ತಿಳಿಯುವ ಪ್ರಜ್ಞೆಯನ್ನು ಹೇಳುವುದರಿಂದ ಈ ಕ್ರಮವು ಸಂಸ್ಕೃತಜ್ಞರಿಗೆ ಅಪರಿಚಿತವಲ್ಲ. ಆದರೆ ಅರಿಸ್ಟಾಟಲನು ರಾಜನೀತಿಗ್ರಂಥದ ಮೊದಲನೆಯ ಭಾಗದಲ್ಲಿ, ಸಸ್ಯಗಳು ಪ್ರಾಣಿಗಳಿಗಾಗಿಯೂ ಪ್ರಾಣಿಗಳು ಮನುಷ್ಯನಿಗಾಗಿಯೂ ಇರುವುವೆಂದನು. ಆಮೇಲಣ ಸ್ಟೋಯಿಕರಲ್ಲಿ ಖ್ರಿಸಿಪ್ಪಸನು, ಹಂದಿಗೆ ಜೀವವನ್ನಿತ್ತಿರುವುದು ಮಾಂಸವು ಕೆಡದಿರಲೆಂದು ಉಪ್ಪಿಗೆ ಬದಲಾಗಿ ಎಂಬವರೆಗೆ ಹೋದನು. ಇದೇ ಪೂರ್ವಪಕ್ಷದ ಬಲ.

ಆದರೆ ಅದೇ ಅರಿಸ್ಟಾಟಲನು ನೀತಿಗ್ರಂಥದ ಆರನೆಯ ಭಾಗದಲ್ಲಿ, ಜಗತ್ತಿನಲ್ಲಿ ಮನುಷ್ಯನೇ ಸರ್ವೋತ್ತಮನಲ್ಲವೆಂದೂ ಆಕಾಶಸ್ಥ ಜ್ಯೋತಿಗಳೇ ಮೊದಲಾದವು ಅವನಿಗಿಂತ ದಿವ್ಯತರವೆಂದೂ ಹೇಳಿರುವನು. ಪ್ರಾಣಿಗಳ ಅಂಗವಿಚಾರ ಮಾಡುವಾಗ ಅತಿ ಹೀನವೆನಿಸುವ ಜಂತುವಿನಲ್ಲಿಯೂ ಆಶ್ಚರ್ಯಕರವಾದುದುಂಟೆಂದಿರುವನು. ಅವನ ಶಿಷ್ಯನೂ ಉತ್ತರಾಧಿಕಾರಿಯೂ ಆದ ಥಿಯೊಫ್ರಾಸ್ಟಸನು ಇನ್ನೂ ಮುಂದುವರಿದು, ಮನುಷ್ಯರಿಗೂ ಮೃಗಗಳಿಗೂ ಬಾಂಧವ್ಯವನ್ನು ಹೇಳಿ, ಪಶುಬಲಿಯನ್ನು ಖಂಡಿಸಿದನು. ಈ ಭಾಗಗಳು ಪೋರ್ಫಿರಿಯ ಗ್ರಂಥದಲ್ಲಿ ಉಳಿದುಬಂದಿವೆ. ಸಸ್ಯವಿಚಾರದಲ್ಲಿ ಆತನು ಮಾಡಿದ ವಿಭಾಗವು ಇನ್ನೂ ಮುಖ್ಯವಾದುದು. ಹಣ್ಣಿನ ತಿರುಳು ಪಕ್ವವಾಗುವುದು ಮನುಷ್ಯನ ಆಹಾರಕ್ಕೆ ಒದಗುವ ಪಕ್ವತೆ. ಬೀಜವು ಪಕ್ವವಾಗುವುದು ಗಿಡದ ಸಂತತಿಗೆ ಬೇಕಾದ ಪಕ್ವತೆ. ಉಪಯೋಗವೇ ಬೇರೆ, ಸ್ವಪ್ರಯೋಜನವೇ ಬೇರೆ.

ಈ ವಿಭಾಗಕ್ಕೆ ದಾಂಡೇಲಿಯ ಬಿದಿರೇ ಉದಾಹರಣೆ. ಹಲವು ದಶಕಗಳಿಗೊಮ್ಮೆ ಹೂವಾಗಿ, ಬಿದಿರಕ್ಕಿಯನ್ನು ಉದುರಿಸಿ, ಹಿಂಡಿಲು ಸಾಯುವುದು. ಕಾಗದಕ್ಕೆ ಬೇಕಾದುದು ಗಳು. ಬಿದಿರಿಗೆ ಅದು ಬೀಜದವರೆಗಿನ ಸಾಧನ ಮಾತ್ರ. ಗಳುವು ಮನುಷ್ಯನಿಗೆ ಉಪಯುಕ್ತವೆಂಬುದರಿಂದ ಬಿದಿರು ಅವನಿಗಾಗಿಯೇ ಹುಟ್ಟಿತೆಂದು ಸಿದ್ಧಿಸುವುದಿಲ್ಲ.

ಹಾಗಾದರೆ ಮನುಷ್ಯನ ಹೆಚ್ಚಳವೆಂಬುದೇನು? ಮುಂಡಗೋಡಿನಲ್ಲಿ 1966ರಲ್ಲಿ ಟಿಬೆಟ್ಟಿನ ನಿರಾಶ್ರಿತರ ವಸತಿಯು ಆರಂಭವಾಗಿ, ಮುಂದೆ ಗಾಂದೆನ್, ಡ್ರೆಪುಂಗ್ ಮಠಗಳು ಅಲ್ಲಿ ಪುನಃ ಸ್ಥಾಪಿತವಾದವು. ಪ್ರಶ್ನಕನು ನಿಂತು ಕೈತಟ್ಟಿ ಕೇಳುತ್ತ, ಉತ್ತರವಾದಿಯು ಕುಳಿತು ಸಮಾಧಾನ ಹೇಳುತ್ತ ಅಲ್ಲಿ ನಡೆಯುವ ವಾದಾಭ್ಯಾಸದ ಪ್ರಧಾನ ಗ್ರಂಥಗಳಲ್ಲಿ ವಸುಬಂಧುವಿನ ಅಭಿಧರ್ಮಕೋಶವೂ ಒಂದು. ಅದರಂತೆ ಮನುಷ್ಯತ್ವವು ಶಾಶ್ವತವಾದ ಪದವಿಯಲ್ಲ, ಐದು ಗತಿಗಳಲ್ಲಿ ಒಂದು. ಇಂದಿನ ಮೃಗವು ಮುಂದೆ ಮನುಷ್ಯನಾದೀತು, ಮನುಷ್ಯನು ಮೃಗವಾದಾನು. ಯವನರ ಶ್ರೇಣಿಯು ಸ್ಥಿರ, ಇದು ಚಲ. ಯವನರು ಸಸ್ಯಕ್ಕೂ ಜೀವಶಕ್ತಿಯನ್ನೊಪ್ಪಿದರು, ಬೌದ್ಧರು ಅದನ್ನು ಸತ್ತ್ವಲೋಕದಲ್ಲಿ ಎಣಿಸಲಿಲ್ಲ. ಆದರೂ ಭಿಕ್ಷುವಿನ ಪ್ರಾತಿಮೋಕ್ಷಸಂವರವು ಮನುಷ್ಯರಿಗೆ ಮಾತ್ರ ಸಾಧ್ಯವೆಂಬುದು ಅಲ್ಲಿಯ ಮತ. ಹೆಚ್ಚಳವು ಅನುಭೋಗದಲ್ಲಿಲ್ಲ, ನಿಗ್ರಹದಲ್ಲಿದೆ ಎಂದಾಯಿತು.

ಜೋಯಿಡೆಯ ಕುಣಬಿಗಳು ಬೆಳೆಯುವ ಗೆಡ್ಡೆಗೆಣಸುಗಳಲ್ಲಿ ಈ ಅರ್ಥವು ಪ್ರತ್ಯಕ್ಷವಾಗುವುದು. ಅಲ್ಲಿ ಉಣ್ಣುವ ಗೆಡ್ಡೆಯೇ ಮುಂದಿನ ಬಿತ್ತನೆಯೂ ಹೌದು. ಒಂದು ಪಾಲನ್ನು ಉಳಿಸದೆ ಉಂಡವನಿಗೆ ಬರುವ ವರ್ಷ ಊಟವಿಲ್ಲ. ಥಿಯೊಫ್ರಾಸ್ಟಸನು ಬೇರ್ಪಡಿಸಿದ ಎರಡು ಪ್ರಯೋಜನಗಳು ಇಲ್ಲಿ ಒಂದೇ ವಸ್ತುವಿನಲ್ಲಿ ಕೂಡಿರುವುವು. ನಾಳೆಯನ್ನು ತಿಳಿಯುವ ಪ್ರಜ್ಞೆಯೇ ಅವುಗಳಿಗೆ ಪಾಲು ಹಂಚುವುದು.

ಆದುದರಿಂದ ತಾರತಮ್ಯವನ್ನು ಒಪ್ಪಿದ ಮಾತ್ರಕ್ಕೆ ಸ್ವಾಮ್ಯವನ್ನು ಒಪ್ಪಿದಂತಾಗದು. ಅರಿಸ್ಟಾಟಲನ ಶ್ರೇಣಿಯಲ್ಲಿ ಮೇಲಿನದು ಕೆಳಗಿನದನ್ನು ಒಳಗೊಂಡೇ ಮೇಲಿನದು. ಮನುಷ್ಯನಲ್ಲಿ ಸಸ್ಯವೂ ಮೃಗವೂ ಇರುವುವು. ಅರಣ್ಯವನ್ನು ಬರಿಯ ಸರಕೆಂದೆಣಿಸುವ ಪಕ್ಷವು ಇದನ್ನು ಮರೆತಿದೆ; ಮನುಷ್ಯನಿಗೆ ಅರಣ್ಯದಲ್ಲಿ ಸ್ಥಾನವೇ ಇಲ್ಲವೆನ್ನುವ ಪಕ್ಷವೂ ಇದನ್ನೇ ಮರೆತಿದೆ.