ನಡುವಯಸ್ಸಿನಲ್ಲಿ ತೀವ್ರ ಗುಂಪು ವ್ಯಾಯಾಮ: ಆರಂಭಿಸುವವರು ತಿಳಿಯಬೇಕಾದುದೇನು?

ಅಂಗಡಿಯ ಗಲ್ಲಾದ ಮುಂದೆಯೋ ಕಾರ್ಖಾನೆಯ ಕಚೇರಿಯಲ್ಲಿಯೋ ದಿನಕ್ಕೆ ಹತ್ತು-ಹನ್ನೆರಡು ಗಂಟೆ ಕುಳಿತು ಎರಡು ದಶಕ ಕಳೆದ ಅನೇಕ ವರ್ತಕರು ಮತ್ತು ಸಣ್ಣ ಉದ್ದಿಮೆದಾರರು ನಲವತ್ತೈದರ ಆಸುಪಾಸಿನಲ್ಲಿ ದೇಹದ ಆರೋಗ್ಯದತ್ತ ಗಮನ ಹರಿಸುತ್ತಾರೆ. ಸಮಯದ ಅಭಾವವಿರುವ ಇಂತಹವರಿಗೆ ಬೆಳಿಗ್ಗೆ ನಲವತ್ತೈದು ನಿಮಿಷಗಳಲ್ಲಿ ಮುಗಿಯುವ ತೀವ್ರ ಗುಂಪು ವ್ಯಾಯಾಮದ ತರಗತಿಗಳು ಅನುಕೂಲಕರವೆನಿಸುವುದು ಸಹಜ. ಕ್ರಮಬದ್ಧವಾಗಿ ಕೈಗೊಂಡಲ್ಲಿ ಇವು ಪ್ರಯೋಜನಕಾರಿಯೂ ಹೌದು. ಆದರೆ ಇವುಗಳಲ್ಲಿ ಅಪಾಯವಿರುವುದು ಮುಖ್ಯವಾಗಿ ಆರಂಭದ ವಾರಗಳಲ್ಲಿ ಎಂಬುದನ್ನು ಮರೆಯಲಾಗದು.

ಪದ್ಧತಿಯ ಸ್ವರೂಪ

ಅಲ್ಪಾವಧಿಯ ಗರಿಷ್ಠ ಶ್ರಮ, ಅದರ ಬೆನ್ನಿಗೇ ಅಲ್ಪ ವಿಶ್ರಾಂತಿ, ಮತ್ತೆ ಶ್ರಮ, ಇದು ಈ ವ್ಯಾಯಾಮದ ಮೂಲ ಸೂತ್ರ. ಜಪಾನಿನ ಇಜುಮಿ ತಬಾತ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 20 ಸೆಕೆಂಡುಗಳ ತೀವ್ರ ಶ್ರಮ ಹಾಗೂ 10 ಸೆಕೆಂಡುಗಳ ವಿರಾಮವನ್ನು ಏಳೆಂಟು ಬಾರಿ ಪುನರಾವರ್ತಿಸಲಾಗಿತ್ತು. ಇಂದಿನ ಅನೇಕ ತರಗತಿಗಳಲ್ಲಿ ಇದೇ ಕ್ರಮವನ್ನು ಕಾಣಬಹುದು. ಆದರೆ ಆ ಅಧ್ಯಯನದಲ್ಲಿ ಪಾಲ್ಗೊಂಡವರು ದೈಹಿಕ ಶಿಕ್ಷಣದ ತರುಣ ವಿದ್ಯಾರ್ಥಿಗಳಾಗಿದ್ದರು. ಅವರ ದೇಹಕ್ಕೆ ಒಗ್ಗಿದ್ದನ್ನು ವರ್ಷಗಳಿಂದ ವ್ಯಾಯಾಮವನ್ನೇ ಕಾಣದ ದೇಹದ ಮೇಲೆ ಮೊದಲ ದಿನವೇ ಹೇರುವುದು ಯುಕ್ತವಲ್ಲ.

ಅಪಾಯ ಎಲ್ಲಿದೆ?

ಅಮೆರಿಕದ ವೈದ್ಯಕೀಯ ಪತ್ರಿಕೆಯೊಂದರಲ್ಲಿ 1993ರಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯವನ್ನು ಸ್ಪಷ್ಟಪಡಿಸುತ್ತದೆ. ಭಾರೀ ಶ್ರಮದ ನಂತರದ ಒಂದು ಗಂಟೆಯಲ್ಲಿ ಹೃದಯಾಘಾತದ ಸಂಭವವು, ವಾರಕ್ಕೆ ಐದು ಅಥವಾ ಹೆಚ್ಚು ಬಾರಿ ಅಂತಹ ಶ್ರಮ ಮಾಡುವವರಲ್ಲಿ ಇತರ ಸಮಯಕ್ಕಿಂತ 2.4 ಪಟ್ಟು ಹೆಚ್ಚಿದ್ದರೆ, ರೂಢಿಯಿಲ್ಲದವರಲ್ಲಿ 107 ಪಟ್ಟು ಹೆಚ್ಚಿತ್ತು. ಒಂದು ಗಂಟೆಯ ಅವಧಿಯಲ್ಲಿ ಯಾರಿಗೇ ಆಗಲಿ ಹೃದಯಾಘಾತವಾಗುವ ಸಂಭವ ಮೂಲತಃ ಅತ್ಯಲ್ಪವಾದುದರಿಂದ ಈ ಅಂಕಿಗೆ ಬೆದರಬೇಕಾಗಿಲ್ಲ. ಅಪಾಯವನ್ನು ತಗ್ಗಿಸುವುದು ರೂಢಿಯೇ ಎಂಬುದು ಇದರ ತಾತ್ಪರ್ಯ.

ಭಾರತೀಯರು ಇನ್ನಷ್ಟು ಜಾಗರೂಕರಾಗಿರಲು ಕಾರಣವಿದೆ. 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನದ 2007ರ ವಿಶ್ಲೇಷಣೆಯ ಪ್ರಕಾರ, ಮೊದಲ ಹೃದಯಾಘಾತದ ಸರಾಸರಿ ವಯಸ್ಸು ದಕ್ಷಿಣ ಏಷ್ಯಾದವರಲ್ಲಿ 53 ವರ್ಷ; ಇತರ ದೇಶಗಳವರಲ್ಲಿ ಸುಮಾರು 59 ವರ್ಷ. 2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹಠಾತ್ತನೆ ನಿಧನರಾದಾಗ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿ ತಪಾಸಣೆಗೆ ಬಂದವರ ಸಂಖ್ಯೆ ಏಕಾಏಕಿ ಏರಿತು. ಅಂತಹ ಘಟನೆಯಿಂದ ವ್ಯಾಯಾಮವನ್ನೇ ತ್ಯಜಿಸುವುದು ತಪ್ಪು ನಿರ್ಧಾರ. ತಪಾಸಣೆ ಮಾಡಿಸಿಕೊಳ್ಳುವುದು ಸರಿಯಾದ ನಿರ್ಧಾರ.

ಮೊದಲು ತಪಾಸಣೆ

ರಕ್ತದೊತ್ತಡ, ಸಕ್ಕರೆ ಹಾಗೂ ಕೊಲೆಸ್ಟ್ರಾಲ್ ಪರೀಕ್ಷೆಗಳನ್ನು ಮೊದಲು ಮಾಡಿಸಬೇಕು. ಮಧುಮೇಹ, ರಕ್ತದೊತ್ತಡ ಅಥವಾ ಧೂಮಪಾನದ ಅಭ್ಯಾಸವುಳ್ಳವರು, ಕುಟುಂಬದಲ್ಲಿ ಕಿರಿಯ ವಯಸ್ಸಿನಲ್ಲೇ ಹೃದ್ರೋಗ ಕಂಡವರು, ಮೆಟ್ಟಿಲೇರುವಾಗ ಎದೆ ಬಿಗಿಯುವುದು ಅಥವಾ ತಲೆಸುತ್ತು ಬರುವುದನ್ನು ಅನುಭವಿಸಿದವರು ವೈದ್ಯರ ಒಪ್ಪಿಗೆಯಿಲ್ಲದೆ ತೀವ್ರ ವ್ಯಾಯಾಮಕ್ಕೆ ಇಳಿಯಬಾರದು. ಇ.ಸಿ.ಜಿ., ಟ್ರೆಡ್‌ಮಿಲ್ ಪರೀಕ್ಷೆಗಳ ಅಗತ್ಯವಿದೆಯೇ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ.

ಸೇವಿಸುತ್ತಿರುವ ಔಷಧಿಗಳನ್ನೂ ವೈದ್ಯರಿಗೆ ತಿಳಿಸಬೇಕು. ಇನ್ಸುಲಿನ್ ಹಾಗೂ ಮಧುಮೇಹದ ಕೆಲವು ಮಾತ್ರೆಗಳನ್ನು ಸೇವಿಸುವವರು ಬರಿಹೊಟ್ಟೆಯಲ್ಲಿ ವ್ಯಾಯಾಮ ಮಾಡಿದರೆ ರಕ್ತದ ಸಕ್ಕರೆ ಅಪಾಯಕರ ಮಟ್ಟಕ್ಕೆ ಕುಸಿಯಬಹುದು. ಬೀಟಾ ಬ್ಲಾಕರ್ ಮಾತ್ರೆಗಳು ಹೃದಯ ಬಡಿತವನ್ನು ತಗ್ಗಿಸುವುದರಿಂದ, ಅವುಗಳನ್ನು ಸೇವಿಸುವವರು ಕೈಗಡಿಯಾರ ತೋರಿಸುವ ಬಡಿತದ ಲೆಕ್ಕವನ್ನು ನಂಬುವಂತಿಲ್ಲ.

ಹಂತ ಹಂತವಾಗಿ ಭಾರ

ಹೊಸ ಯಂತ್ರಕ್ಕೆ ಮೊದಲ ದಿನವೇ ಪೂರ್ಣ ಭಾರ ಹಾಕಬಾರದೆಂಬುದು ಪ್ರತಿಯೊಬ್ಬ ಕಾರ್ಖಾನೆದಾರರಿಗೂ ತಿಳಿದಿದೆ. ದೇಹಕ್ಕೆ ಈ ನಿಯಮ ಮತ್ತಷ್ಟು ಅನ್ವಯಿಸುತ್ತದೆ. ಉಸಿರಿನ ಶಕ್ತಿ ಕೆಲವೇ ವಾರಗಳಲ್ಲಿ ಸುಧಾರಿಸುತ್ತದೆ. ಆದರೆ ಸ್ನಾಯುಗಳನ್ನು ಮೂಳೆಗೆ ಬಂಧಿಸುವ ರಜ್ಜುಗಳು ಗಟ್ಟಿಯಾಗಲು ತಿಂಗಳುಗಳೇ ಬೇಕು. ಉತ್ಸಾಹ ಹೆಚ್ಚಿದ ಎರಡನೆಯ ತಿಂಗಳಲ್ಲಿ ಹಿಮ್ಮಡಿ, ಮಂಡಿ, ಭುಜಗಳು ನೋಯತೊಡಗುವುದಕ್ಕೆ ಈ ಅಂತರವೂ ಒಂದು ಕಾರಣ.

ಆದುದರಿಂದ ಮೊದಲ ತಿಂಗಳು ವಾರಕ್ಕೆ ಐದು ದಿನ ಅರ್ಧ ಗಂಟೆಯ ಚುರುಕು ನಡಿಗೆ ಸಾಕು. ಇದರಿಂದ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸೂಚಿಸಿದ ವಾರಕ್ಕೆ 150 ನಿಮಿಷಗಳ ಕನಿಷ್ಠ ಮಿತಿಯೂ ಪೂರೈಸುತ್ತದೆ. ಎರಡನೆಯ ತಿಂಗಳು ಇದರ ಜೊತೆಗೆ ವಾರಕ್ಕೆರಡು ದಿನ ಬಸ್ಕಿ, ಗೋಡೆಗೆ ಕೈಕೊಟ್ಟು ಮಾಡುವ ದಂಡ ಮುಂತಾದ ಸರಳ ವ್ಯಾಯಾಮಗಳನ್ನು ಸೇರಿಸಬಹುದು. ಮೂರನೆಯ ತಿಂಗಳಲ್ಲಿ ವಾರಕ್ಕೊಂದು ಗುಂಪು ತರಗತಿಗೆ, ಅದೂ ಅರ್ಧದಷ್ಟು ವೇಗದಲ್ಲಿ, ಸೇರುವುದು ಸೂಕ್ತ. ಬಳಿಕ ತರಗತಿಗಳನ್ನು ಎರಡಕ್ಕೆ ಏರಿಸಿದರೂ ನಡುವೆ ಎರಡು ದಿನಗಳ ಅಂತರವಿರಲಿ. ಶ್ರಮದ ನಡುವೆ ಒಂದು ಪೂರ್ಣ ವಾಕ್ಯವನ್ನು ಆಡಲು ಸಾಧ್ಯವಾಗದಿದ್ದರೆ ಈ ಹಂತಗಳಲ್ಲಿ ವೇಗವನ್ನು ತಗ್ಗಿಸಬೇಕು.

ಗುಂಪಿನ ಒತ್ತಡ

ಗುಂಪು ಹುರುಪು ನೀಡುವಂತೆಯೇ ಪೈಪೋಟಿಯನ್ನೂ ಹುಟ್ಟಿಸುತ್ತದೆ. ಇಪ್ಪತ್ತೈದರ ತರುಣನ ಎಣಿಕೆಯನ್ನು ಸರಿಗಟ್ಟಲು ಹೊರಟ ಐವತ್ತರ ವ್ಯಕ್ತಿಯ ಸ್ನಾಯು ತಂತುಗಳು ಅತಿಶ್ರಮದಿಂದ ಒಡೆದು, ಅವುಗಳ ಅಂಶ ರಕ್ತಕ್ಕೆ ಸೇರಿ ಮೂತ್ರಪಿಂಡಗಳಿಗೆ ಹಾನಿಯಾಗುವ ಸಂಭವವಿದೆ. ವ್ಯಾಯಾಮದ ಒಂದೆರಡು ದಿನಗಳಲ್ಲಿ ಅಸಹನೀಯ ಸ್ನಾಯು ನೋವು, ಊತ ಹಾಗೂ ಹಾಲಿಲ್ಲದ ಚಹಾದ ಬಣ್ಣದ ಮೂತ್ರ ಕಂಡುಬಂದಲ್ಲಿ ತಡಮಾಡದೆ ಆಸ್ಪತ್ರೆಗೆ ತೆರಳಬೇಕು.

ತರಗತಿಗೆ ಹಣ ಕಟ್ಟುವ ಮುನ್ನ ಕೆಲವು ಪ್ರಶ್ನೆಗಳನ್ನು ಕೇಳುವುದು ಒಳಿತು. ಹೊಸಬರಿಗೆ ಪ್ರತ್ಯೇಕ ತಂಡವಿದೆಯೇ? ತರಬೇತುದಾರರು ಕಾಯಿಲೆ ಹಾಗೂ ಔಷಧಿಗಳ ವಿವರ ಕೇಳುತ್ತಾರೆಯೇ? ಹೃದಯ ಸ್ತಬ್ಧಗೊಂಡಾಗ ಎದೆ ಒತ್ತುವ ಪ್ರಥಮ ಚಿಕಿತ್ಸೆಯನ್ನು ಕಲಿತಿದ್ದಾರೆಯೇ? ಆರಂಭದ ಹತ್ತು ನಿಮಿಷ ಮೈ ಬೆಚ್ಚಗಾಗಿಸಲು ಮೀಸಲಿದೆಯೇ? ಕೊನೆಯಲ್ಲಿ ನಿಧಾನವಾಗಿ ನಡೆದು ಮುಗಿಸುವುದೂ ಅಷ್ಟೇ ಅವಶ್ಯಕ. ಹಠಾತ್ತನೆ ನಿಂತಾಗ ರಕ್ತವು ಕಾಲುಗಳಲ್ಲೇ ಉಳಿದು ತಲೆಸುತ್ತು ಬರಬಹುದು.

ನಿಲ್ಲಿಸಬೇಕಾದ ಸೂಚನೆಗಳು

ಎದೆಯಲ್ಲಿ ಒತ್ತಡ, ತೋಳು ಅಥವಾ ದವಡೆಗೆ ಹರಡುವ ನೋವು, ತಣ್ಣನೆಯ ಬೆವರು, ಅಸಹಜ ಏದುಸಿರು ಕಂಡ ಕೂಡಲೇ ವ್ಯಾಯಾಮವನ್ನು ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. ಗ್ಯಾಸ್ ಎಂದು ಭಾವಿಸಿ ಸೋಡಾ ಕುಡಿದು ಅಂಗಡಿಗೆ ಹೊರಡುವುದರಿಂದ ಚಿಕಿತ್ಸೆಯ ಅಮೂಲ್ಯ ಸಮಯ ಕಳೆದುಹೋಗುತ್ತದೆ. ಜ್ವರವಿದ್ದಾಗ ಅಥವಾ ರಾತ್ರಿ ನಿದ್ರೆಗೆಟ್ಟಾಗ ತೀವ್ರ ವ್ಯಾಯಾಮ ಬೇಡ.

ಸಣ್ಣ ವ್ಯವಹಾರಗಳಲ್ಲಿ ಖರೀದಿ, ವಸೂಲಿ, ಬ್ಯಾಂಕ್ ಕಂತು ಎಲ್ಲವೂ ಬಹುತೇಕ ಒಬ್ಬರ ಮೇಲೆಯೇ ನಿಂತಿರುತ್ತವೆ. ಆ ಒಬ್ಬರು ಹಾಸಿಗೆ ಹಿಡಿದರೆ ನೌಕರರ ಸಂಬಳಕ್ಕೂ ತೊಂದರೆ. ವ್ಯಾಯಾಮಕ್ಕೆ ತಡವಾಗಿ ತೊಡಗಿದವರು ಇನ್ನೊಂದು ಮೂರು ತಿಂಗಳು ನಿಧಾನಿಸುವುದರಿಂದ ಯಾವ ನಷ್ಟವೂ ಇಲ್ಲ.