ಪ್ಲಾಸ್ಟಿಕ್ ಮಾದರಿಗಳನ್ನು ಬೆಸೆಯುವ ದ್ರವ ಸಿಮೆಂಟ್

(ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ)

ಪ್ರದರ್ಶನಕ್ಕೆ ಥರ್ಮಾಕೋಲ್ ಮಾದರಿ ಮಾಡಿದವರಿಗೆ ಒಂದು ಅನುಭವ ಆಗಿಯೇ ಇರುತ್ತದೆ. ಬಣ್ಣಕ್ಕೆ ಬೆರೆಸುವ ಥಿನ್ನರ್ ಒಂದು ಹನಿ ಬಿದ್ದರೂ ಥರ್ಮಾಕೋಲ್ ಕರಗಿ ಗುಂಡಿ ಬೀಳುತ್ತದೆ. ಉಗುರು ಬಣ್ಣ ತೆಗೆಯುವ ಅಸಿಟೋನ್ ಬಿದ್ದರೂ ಹಾಗೆಯೇ. ನಮಗೆ ಅದು ನಷ್ಟ. ಆದರೆ ವಿಮಾನ, ಹಡಗು, ಕಾರುಗಳ ಪ್ಲಾಸ್ಟಿಕ್ ಮಾದರಿ ಕಟ್ಟುವವರು ಇದೇ ಗುಣವನ್ನು ಲಾಭಕ್ಕೆ ತಿರುಗಿಸಿಕೊಂಡಿದ್ದಾರೆ. ಅವರು ಬಳಸುವುದು ದ್ರವ ಸಿಮೆಂಟ್.

ವಾಣಿಜ್ಯ ವಿಭಾಗದವಳಿಗೆ ಈ ಉಸಾಬರಿ ಏಕೆ ಎಂದು ಗೆಳತಿಯರು ಕೇಳುತ್ತಾರೆ. ದುಬೈಯಲ್ಲಿರುವ ನನ್ನ ಮಾಮು ಒಮ್ಮೆ ರಜೆಗೆ ಬಂದಾಗ ಏರ್‌ಫಿಕ್ಸ್ ಕಂಪನಿಯ ನ್ಯಾಟ್ ತರಬೇತಿ ವಿಮಾನದ ಕಿಟ್ ತಂದುಕೊಟ್ಟರು. ಇದೇ ನ್ಯಾಟ್‌ನ ಒಂದೇ ಆಸನದ ಯುದ್ಧವಿಮಾನವನ್ನು ನಮ್ಮ ಬೆಂಗಳೂರಿನ ಎಚ್‌ಎಎಲ್ ಪರವಾನಗಿ ಪಡೆದು ತಯಾರಿಸಿತ್ತು. ಕಿಟ್‌ನ ಅಳತೆ 1/72. ಅಂದರೆ ನಿಜವಾದ ವಿಮಾನದ 72 ಸೆಂ.ಮೀ. ಮಾದರಿಯಲ್ಲಿ 1 ಸೆಂ.ಮೀ. ಆಗುತ್ತದೆ. ಅದನ್ನು ಜೋಡಿಸಲು ಸಿಮೆಂಟ್ ಬೇಕಿತ್ತು. ಆದರೆ ನಮ್ಮದು ಎರಡು ಕೋಣೆಯ ಮನೆ, ತಮ್ಮನಿಗೆ ಅಸ್ತಮಾ ಇದೆ. ಬಾಟಲಿಯೊಳಗೆ ಏನಿದೆ ಎಂದು ಸರಿಯಾಗಿ ಹೇಳಿದ ಮೇಲೆಯೇ ಅದು ಮನೆಯೊಳಗೆ ಬರಬೇಕು ಎಂದು ಅಮ್ಮಿ ಷರತ್ತು ಹಾಕಿದರು. ಅವರಿಗೆ ಹೇಳಲು ಓದಿ ತಿಳಿದದ್ದನ್ನೇ ಇಲ್ಲಿ ಬರೆದಿದ್ದೇನೆ.

ಅಂಟಿಗೂ ಸಿಮೆಂಟಿಗೂ ವ್ಯತ್ಯಾಸ

ಫೆವಿಕಾಲ್ ಹಚ್ಚಿದರೆ ಎರಡು ವಸ್ತುಗಳ ನಡುವೆ ಅಂಟಿನ ಪದರ ಒಣಗಿ ನಿಲ್ಲುತ್ತದೆ. ಫೆವಿಕ್ವಿಕ್ ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ. ಅದೂ ಒಂದು ಪದರವೇ. ಪೆಟ್ಟು ಬಿದ್ದರೆ ಬಿರಿಯುತ್ತದೆ. ದ್ರವ ಸಿಮೆಂಟ್ ಕೆಲಸ ಮಾಡುವ ರೀತಿಯೇ ಬೇರೆ. ಕಿಟ್‌ಗಳ ಪ್ಲಾಸ್ಟಿಕ್ ಸಾಮಾನ್ಯವಾಗಿ ಪಾಲಿಸ್ಟೈರೀನ್. ಅದರ ಅಣುಗಳು ಉದ್ದನೆಯ ಸರಪಳಿಗಳಂತೆ ಒಂದಕ್ಕೊಂದು ಹೆಣೆದುಕೊಂಡಿರುತ್ತವೆ. ಸಿಮೆಂಟಿನ ದ್ರಾವಕ ಸರಪಳಿಗಳ ನಡುವೆ ನುಗ್ಗಿ ಅವನ್ನು ಸಡಿಲಗೊಳಿಸುತ್ತದೆ. ಎರಡೂ ತುಂಡುಗಳ ಅಂಚು ಮೆತ್ತಗಾಗಿ ಈ ಕಡೆಯ ಸರಪಳಿಗಳು ಆ ಕಡೆಯವುಗಳೊಂದಿಗೆ ಬೆರೆಯುತ್ತವೆ. ದ್ರಾವಕ ಆವಿಯಾಗಿ ಹೋದಮೇಲೆ ಉಳಿಯುವುದು ಪ್ಲಾಸ್ಟಿಕ್ ಮಾತ್ರ.

ಥರ್ಮಾಕೋಲ್ ಕೂಡ ಪಾಲಿಸ್ಟೈರೀನೇ. ಅದರಲ್ಲಿ ಗಾಳಿಯೇ ಹೆಚ್ಚು, ಆದ್ದರಿಂದ ದ್ರಾವಕ ಸೋಕಿದರೆ ಕುಸಿದುಬಿಡುತ್ತದೆ.

ನನ್ನ ಚಾಚಾ ಪ್ಲಂಬರ್. ಇದನ್ನು ಅವರಿಗೆ ವಿವರಿಸಲು ಹೋದರೆ ನಕ್ಕು, "ಯೇ ಗೋಂದ್ ನೈ ಬೇಟಾ, ಪೈಪ್ ಕು ಪೈಪ್ ಮಿಲಾತೈ" ಎಂದರು. ಇದು ಗೋಂದಲ್ಲ, ಪೈಪಿಗೆ ಪೈಪನ್ನೇ ಸೇರಿಸುತ್ತದೆ ಎಂದು ಅರ್ಥ. ಅವರು ಪಿವಿಸಿ ಪೈಪಿಗೆ ಹಚ್ಚುವ ಸಾಲ್ವೆಂಟ್ ಸಿಮೆಂಟಿನ ತತ್ವವೂ ಇದೇ. ಆದರೆ ಅದು ದಪ್ಪ, ಅದರ ದ್ರಾವಕಗಳು ಬಲು ಜೋರು. ಮಾದರಿಯ ತೆಳು ಭಾಗಗಳಿಗೆ ಅದನ್ನು ಹಚ್ಚಬಾರದು.

ಬಳಸುವ ಕ್ರಮ

ಜಪಾನಿನ ತಾಮಿಯಾ ಕಂಪನಿಯ ಎಕ್ಸ್‌ಟ್ರಾ ಥಿನ್ ಸಿಮೆಂಟ್ ಹೆಚ್ಚು ಬಳಕೆಯಲ್ಲಿದೆ. 40 ಮಿ.ಲೀ. ಬಾಟಲಿ, ಮುಚ್ಚಳದಲ್ಲೇ ಸಣ್ಣ ಕುಂಚ ಇರುತ್ತದೆ. ಅದರಲ್ಲಿರುವುದು ಅಸಿಟೋನ್ ಮತ್ತು ಬ್ಯುಟೈಲ್ ಅಸಿಟೇಟ್. ಅಸಿಟೋನ್ 56 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುವಂಥದ್ದು, ಬೇಗ ಹಾರಿಹೋಗುತ್ತದೆ. ಬ್ಯುಟೈಲ್ ಅಸಿಟೇಟ್ ಕುದಿಯಲು ಸುಮಾರು 126 ಡಿಗ್ರಿ ಬೇಕು. ಅದು ನಿಧಾನವಾಗಿ ಆರುವುದರಿಂದ ಪ್ಲಾಸ್ಟಿಕ್ ಮೆತ್ತಗಾಗಲು ಸಮಯ ಸಿಗುತ್ತದೆ.

ಮೊದಲು ಸಿಮೆಂಟ್ ಇಲ್ಲದೆ ಜೋಡಿಸಿ ನೋಡಬೇಕು. ಸೇರುವ ಜಾಗದಲ್ಲಿ ಬಣ್ಣ ಇದ್ದರೆ ಕೆರೆದು ತೆಗೆಯಬೇಕು. ನಂತರ ತುಂಡುಗಳನ್ನು ಒತ್ತಿ ಹಿಡಿದು, ಕುಂಚದ ತುದಿಯನ್ನು ಸಂದಿಗೆ ಮುಟ್ಟಿಸಿದರೆ ಸಾಕು. ದೀಪದ ಬತ್ತಿ ಎಣ್ಣೆಯನ್ನು ಎಳೆದುಕೊಳ್ಳುವ ಹಾಗೆ ಸಂದಿಯೇ ದ್ರವವನ್ನು ಎಳೆದುಕೊಳ್ಳುತ್ತದೆ. ಸಂದಿಯ ಮೇಲೆ ಬೆರಳು ಇರಬಾರದು. ದ್ರವ ಬೆರಳಿನಡಿಗೆ ಹರಿದು ಮೆತ್ತಗಾದ ಪ್ಲಾಸ್ಟಿಕ್ ಮೇಲೆ ಬೆರಳಚ್ಚು ಉಳಿಯುತ್ತದೆ. ಸ್ವಲ್ಪ ಒತ್ತಿದಾಗ ಸಂದಿಯಿಂದ ಕರಗಿದ ಪ್ಲಾಸ್ಟಿಕ್ ಗೆರೆಯಂತೆ ಹೊರಬಂದರೆ ಅದು ಒಳ್ಳೆಯದೇ. ಒಂದು ರಾತ್ರಿ ಬಿಟ್ಟು ಮರುದಿನ ಉಜ್ಜಿದರೆ ಜೋಡಣೆ ಎಲ್ಲಿತ್ತೆಂದೇ ಕಾಣುವುದಿಲ್ಲ.

ಹೆಚ್ಚು ಹಾಕಿದರೆ ಹೆಚ್ಚು ಗಟ್ಟಿ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತೆಳು ಭಾಗಗಳು ಬಾಗುತ್ತವೆ. ಪೈಲಟ್ ಕೂರುವ ಜಾಗದ ಪಾರದರ್ಶಕ ಮುಚ್ಚಳ ಮಂಜಾಗಿಬಿಡುತ್ತದೆ. ಅದಕ್ಕೆ ಫೆವಿಕಾಲ್‌ನಂಥ ಬಿಳಿ ಅಂಟೇ ಸರಿ.

ಎಲ್ಲ ಪ್ಲಾಸ್ಟಿಕ್‌ಗೂ ಇದು ಆಗುವುದಿಲ್ಲ. ಡಬ್ಬಿಗಳ ತಳದಲ್ಲಿ ತ್ರಿಕೋನದೊಳಗಿನ ಸಂಖ್ಯೆ ನೋಡಿ. 6 ಇದ್ದರೆ ಪಾಲಿಸ್ಟೈರೀನ್, ಬೆಸೆಯಬಹುದು. 2 ಮತ್ತು 4 ಪಾಲಿಥೀನ್, 5 ಪಾಲಿಪ್ರೊಪಿಲೀನ್. ಇವನ್ನು ಈ ದ್ರವ ಕರಗಿಸುವುದಿಲ್ಲ, ಎಷ್ಟು ಹಚ್ಚಿದರೂ ವ್ಯರ್ಥ.

ಅಮ್ಮಿಯ ಷರತ್ತುಗಳು

ಕರಗಿಸುವ ಕೆಲಸ ಮುಗಿಸಿದ ದ್ರಾವಕ ಎಲ್ಲಿಗೆ ಹೋಗುತ್ತದೆ? ನಾವು ಉಸಿರಾಡುವ ಗಾಳಿಗೆ. ಮುಚ್ಚಿದ ಕೋಣೆಯಲ್ಲಿ ಅದರಿಂದ ತಲೆನೋವು, ತಲೆಸುತ್ತು ಬರುತ್ತದೆ. ಅಸ್ತಮಾ ಇರುವವರಿಗೆ ಉಸಿರು ಕಟ್ಟಬಹುದು. ಬಟ್ಟೆಯ ಮಾಸ್ಕ್ ಆವಿಯನ್ನು ತಡೆಯುವುದಿಲ್ಲ. ಈ ಆವಿ ಗಾಳಿಗಿಂತ ಭಾರ. ನೆಲದ ಮೇಲೆ ಹರಿದು ಒಲೆ, ಊದುಬತ್ತಿ ಅಥವಾ ಸೊಳ್ಳೆಬತ್ತಿ ತಲುಪಿದರೆ ಬೆಂಕಿ ಹೊತ್ತಿಕೊಳ್ಳಬಹುದು. ಆದ್ದರಿಂದ ಮನೆಯಲ್ಲಿ ನನಗಿರುವ ನಿಯಮಗಳು ಇಷ್ಟು: ಕೆಲಸ ಟೆರೇಸ್ ಮೇಲೆ, ಹಗಲಿನಲ್ಲಿ. ಹಚ್ಚಿದ ತಕ್ಷಣ ಮುಚ್ಚಳ ಹಾಕಬೇಕು. ಬಾಟಲಿ ಉರುಳದಂತೆ ಅಗಲವಾದ ಡಬ್ಬಿಯಲ್ಲಿ ನಿಲ್ಲಿಸಬೇಕು. ಮಾದರಿ ಪೂರ್ತಿ ಆರಿದ ಮೇಲೆ ಕೆಳಗೆ ತರಬೇಕು.

ಲೇಬಲ್ ಇಲ್ಲದ ಬಾಟಲಿ ಅಗ್ಗ ಎಂದು ಕೊಳ್ಳಬೇಡಿ. ಕೆಲವು ಪ್ಲಾಸ್ಟಿಕ್ ಸಿಮೆಂಟ್‌ಗಳಲ್ಲಿ ಡೈಕ್ಲೋರೋಮೀಥೇನ್ ಇರುತ್ತದೆ. ಉಸಿರಿನೊಂದಿಗೆ ಒಳಹೋದರೆ ದೇಹ ಅದನ್ನು ಕಾರ್ಬನ್ ಮೊನಾಕ್ಸೈಡ್ ಆಗಿ ಬದಲಿಸುತ್ತದೆ. ಅಮೆರಿಕ 2024ರಲ್ಲಿ ಇದರ ಬಹುತೇಕ ಬಳಕೆಗಳನ್ನು ನಿಷೇಧಿಸುವ ನಿಯಮ ತಂದಿತು.

ಲಿಮೋನೀನ್ ಎಂಬ ದ್ರಾವಕದಿಂದ ಮಾಡಿದ ಸಿಮೆಂಟ್ ಕೂಡ ಸಿಗುತ್ತದೆ. ವಾಸನೆ ಅಷ್ಟು ಕಟುವಲ್ಲ, ಕಿತ್ತಳೆಯ ಸಿಪ್ಪೆಯದೇ ವಾಸನೆ, ಏಕೆಂದರೆ ಆ ಸಿಪ್ಪೆಯ ಎಣ್ಣೆಯಲ್ಲಿರುವುದೂ ಅದೇ. ಅದನ್ನೂ ಗಾಳಿಯಾಡುವ ಕಡೆಯೇ ಬಳಸಬೇಕು. ನಂಬಿಕೆ ಬರದಿದ್ದರೆ ಕಿತ್ತಳೆ ಸಿಪ್ಪೆಯನ್ನು ಮಡಚಿ ಥರ್ಮಾಕೋಲ್ ಚೂರಿನ ಮೇಲೆ ಹಿಂಡಿ ನೋಡಿ. ಹನಿ ಬಿದ್ದಲ್ಲಿ ಗುಂಡಿ ಬೀಳುವುದನ್ನು ನೀವೇ ಕಾಣುತ್ತೀರಿ.