ವಿದ್ಯಾರ್ಥಿವೃತ್ತಿಯೂ ಪಾರಿತೋಷಕವೂ: ಎರಡು ಶಾಸನಗಳ ಸಾಕ್ಷ್ಯ

ಮತಧರ್ಮಗಳನ್ನು ವ್ಯಾಸಂಗಮಾಡುವ ಪದವಿತರಗತಿಯ ವಿದ್ಯಾರ್ಥಿಗಳೂ ಸಂಶೋಧನೆಯಲ್ಲಿ ತೊಡಗಬೇಕೆಂಬ ಅಪೇಕ್ಷೆಯು ವಿದ್ವಜ್ಜನರಿಗೆ ಸಮ್ಮತವಾದುದೇ ಸರಿ. ಇದಕ್ಕಾಗಿ ಕೊಡುವ ದ್ರವ್ಯವು ಎರಡು ಬಗೆಯದು. ಪ್ರಬಂಧವು ಮುಗಿದ ಬಳಿಕ ಅದರ ಗುಣವನ್ನರಿತು ಕೊಡುವುದು ಪಾರಿತೋಷಕ. ಕೆಲಸವು ನಡೆಯುವ ಕಾಲದ ಯೋಗಕ್ಷೇಮಕ್ಕಾಗಿ ಮೊದಲೇ ಕೊಡುವುದು ವೃತ್ತಿ. ಇವುಗಳಲ್ಲಿ ಮೊದಲು ಬೇಕಾದುದು ಯಾವುದೆಂಬುದನ್ನು ನಿರ್ಣಯಿಸಲು ನಮ್ಮ ನಾಡಿನ ಎರಡು ಶಾಸನಗಳು ನೆರವಾಗುತ್ತವೆ.

ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯಲ್ಲಿ ಕ್ರಿ. ಶ. 945ರ ಸ್ತಂಭಶಾಸನವೊಂದುಂಟು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಅಲ್ಲಿ ತ್ರೈಪುರುಷಶಾಲೆಯನ್ನು ಕಟ್ಟಿಸಿದನು. ನಾನಾ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 500 ನಿವರ್ತನ ಭೂಮಿಯೂ 27 ನಿವೇಶನಗಳೂ ದತ್ತವಾದುವು. ಅಧ್ಯಾಪಕನಿಗೆ 50 ನಿವರ್ತನ. ದೀಪಕ್ಕೆಂದೇ ಬೇರೆ 12 ನಿವರ್ತನ. ಇದಲ್ಲದೆ ಊರವರು ಮದುವೆಗೆ 5 ನಾಣ್ಯ, ಉಪನಯನಕ್ಕೆ ಅದರರ್ಧ, ಚೌಲಕ್ಕೆ ಅದರ ಅರ್ಧ ಸಲ್ಲಿಸತಕ್ಕದ್ದೆಂದು ವಿಧಿಸಿದೆ. ಗ್ರಂಥವನ್ನು ರಾತ್ರಿಯೂ ನೋಡಬೇಕಾಗುವುದೆಂಬುದನ್ನು ದಾನಿಗಳು ಮರೆತಿರಲಿಲ್ಲ.

ಕಲಬುರಗಿ ಜಿಲ್ಲೆಯ ಚಿತ್ತಾಪುರದ ಬಳಿಯ ನಾಗಾವಿಯ ಶಾಸನವು 1058ರದು. ಚಾಲುಕ್ಯ ತ್ರೈಲೋಕ್ಯಮಲ್ಲನ ಕಾಲಕ್ಕೆ ಸೇರಿದುದು. ಅಲ್ಲಿಯ ಘಟಿಕಾಶಾಲೆಯಲ್ಲಿ ವೇದವನ್ನೋದುವವರು 200 ಮಂದಿ, ಶಾಸ್ತ್ರವನ್ನೋದುವವರು ಸುಮಾರು 50 ಮಂದಿ. ವೇದಕ್ಕೂ ಶಾಸ್ತ್ರಕ್ಕೂ ಮೂವರಂತೆ ಉಪಾಧ್ಯಾಯರು. ಇವರೊಡನೆ 6 ಮಂದಿ ಸರಸ್ವತೀಭಂಡಾರಿಗಳು, ಎಂದರೆ ಪುಸ್ತಕಗಳನ್ನು ಕಾಪಾಡುವವರು. ಉಪಾಧ್ಯಾಯರೆಷ್ಟೋ ಭಂಡಾರಿಗಳೂ ಅಷ್ಟೇ ಎಂಬುದು ಗಮನಾರ್ಹವಾಗಿದೆ.

ಆ ಕಾಲದ ಅಧ್ಯಯನವು ಪರಂಪರೆಯ ರಕ್ಷಣೆಗಾಗಿ, ಇಂದಿನ ಸಂಶೋಧನೆಯು ಹೊಸ ಅರ್ಥದ ನಿರ್ಣಯಕ್ಕಾಗಿ. ಇವನ್ನು ಹೋಲಿಸುವುದು ಹೇಗೆ ಎಂದು ಆಕ್ಷೇಪಿಸಬಹುದು. ಅದು ಯುಕ್ತವೇ. ಆ ಶಾಲೆಗಳ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲವೆಂಬುದನ್ನೂ ಒಪ್ಪತಕ್ಕದ್ದು. ಆ ಸಂಕೋಚವು ನಮಗೆ ಅನುಕರಣೀಯವಲ್ಲ. ಆದರೆ ಓದುವವನಿಗೆ ಅನ್ನ, ವಸತಿ, ದೀಪ, ಗುರು, ಗ್ರಂಥ ಈ ಐದೂ ಬೇಕೆಂಬುದು ಎರಡು ಕಾಲಗಳಿಗೂ ಸಮಾನ. ಓಲೆಗರಿಯೊಂದನ್ನು ಓದಿ ಪಾಠಾಂತರವನ್ನು ಗುರುತಿಸಲು ಹತ್ತೊಂಬತ್ತು ವರ್ಷದ ವಿದ್ಯಾರ್ಥಿಗೆ ತಿಂಗಳುಗಳೇ ಹಿಡಿಯುತ್ತವೆ. ಭಂಡಾರವಿರುವ ಊರಿಗೆ ಹೋಗಿಬರುವ ವೆಚ್ಚವು ಕೈಯಲ್ಲಿಲ್ಲದವನು ಪ್ರಬಂಧವನ್ನೇ ಬರೆಯಲಾರನು. ಪಾರಿತೋಷಕದ ಪರೀಕ್ಷೆಗೆ ಅವನ ಹೆಸರು ಬರುವುದೇ ಇಲ್ಲ. ಹೀಗೆ ಪಾರಿತೋಷಕವೊಂದೇ ಇದ್ದಲ್ಲಿ ಅದು ಮೊದಲೇ ಅನುಕೂಲವುಳ್ಳವರಲ್ಲಿ ಶ್ರೇಷ್ಠನನ್ನು ಆರಿಸುವುದೇ ಹೊರತು ಬಡವನಲ್ಲಿರುವ ಮೇಧೆಯನ್ನು ಹೊರಗೆ ತರಲಾರದು. ವಾರಾನ್ನವುಂಡು ಪಾಠಶಾಲೆಯಲ್ಲಿ ಓದಿದ ಈ ಲೇಖಕನಿಗೆ ಇದು ಕೇವಲ ತರ್ಕದ ಮಾತಲ್ಲ.

ಆದುದರಿಂದ ದತ್ತಿಯನ್ನಿಡುವ ಮಹನೀಯರು ಪದಕವನ್ನು ಮಾಡಿಸುವುದಕ್ಕೆ ಮುನ್ನ ಮೂರನ್ನು ವಿಚಾರಿಸಬೇಕು: ವಿದ್ಯಾರ್ಥಿಯ ಪ್ರಯಾಣಕ್ಕೂ ಊಟಕ್ಕೂ ಏನಿದೆ? ಅವನಿಗೆ ದಾರಿ ತೋರುವ ಗುರುವಿಗೆ ಬಿಡುವಿದೆಯೆ? ಅವನು ಕೇಳುವ ಗ್ರಂಥವನ್ನು ತೆಗೆದುಕೊಡುವವರು ಇದ್ದಾರೆಯೆ? ಇವು ಸಿದ್ಧಿಸಿದ ಮೇಲೆ ಪಾರಿತೋಷಕವೂ ಶೋಭಿಸುತ್ತದೆ. ದೀಪಕ್ಕೆ ಎಣ್ಣೆಯನ್ನೆರೆದವರಿಗೇ ಬೆಳಕನ್ನು ಹೊಗಳುವ ಅಧಿಕಾರವುಂಟು.